ಗ್ರಂಥದ ಹೆಸರೂ ಗಣಕದ ಲಿಪಿಯೂ

ಊರು ಬಿಟ್ಟು ಮುಂಬಯಿ ಸೇರಿದ ನಮ್ಮವರ ಹೆಸರುಗಳು ಇಲ್ಲಿಯ ನಾಲಿಗೆಗೆ ತಕ್ಕಂತೆ ರೂಪಾಂತರ ಹೊಂದುವುದು ವಾಚಕರಿಗೆ ತಿಳಿದ ವಿಷಯವೇ. ಗಣಕಯಂತ್ರವನ್ನು ಸೇರಿದ ಕನ್ನಡ ಗ್ರಂಥಗಳಿಗೂ ಇದೇ ಗತಿ ಒದಗಿತು. ಅದರ ಇತಿಹಾಸವನ್ನು ಇಲ್ಲಿ ಸಂಕ್ಷೇಪವಾಗಿ ನಿವೇದಿಸುತ್ತೇನೆ.

ಹಳೆಯ ಡಾಸ್ ವ್ಯವಸ್ಥೆಯಲ್ಲಿ ಕಡತದ ಹೆಸರಿಗೆ 8 ಅಕ್ಷರ, ಅದರ ಪ್ರತ್ಯಯಕ್ಕೆ 3, ಅಷ್ಟೇ ಅವಕಾಶ. 1995ರ ವಿಂಡೋಸ್ ಉದ್ದನೆಯ ಹೆಸರಿಗೆ ಎಡೆಗೊಟ್ಟಿತು. ಆದರೆ ಹೆಸರಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಬಂದರೆ ವಿಂಡೋಸ್ ಇಂದಿಗೂ ಒಪ್ಪದು. ಲಿನಕ್ಸ್ ಅದನ್ನು ಒಪ್ಪುತ್ತದೆ. ಆದರೆ ಅಲ್ಲಿಯ ಸಾಮಾನ್ಯ ಮಿತಿ 255 ಬೈಟ್. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್ ಬೇಕಾದುದರಿಂದ 85 ಸಂಕೇತಗಳಿಗೇ ಹೆಸರು ಮುಗಿಯಬೇಕು. ಮ್ಯಾಕಿಂತೋಷಿನ 1998ರ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆಯಾದರೋ, 'ಕೋ' ಎಂಬಲ್ಲಿಯ ದೀರ್ಘ ಓಕಾರವನ್ನು ಮೂರು ಸಂಕೇತಗಳಾಗಿ ಬಿಡಿಸಿ ಇಡುತ್ತಿತ್ತು. ಕಣ್ಣಿಗೆ ಒಂದೇ ಆದ ಹೆಸರು ಯಂತ್ರಕ್ಕೆ ಎರಡಾಗುತ್ತಿತ್ತು.

2006ರಲ್ಲಿ ಸೋನಿ ಕಂಪನಿಯ ಪಿಆರ್‌ಎಸ್-500 ಎಂಬ ಓದುಯಂತ್ರ ಹೊರಬಂದಿತು. ಲಿನಕ್ಸ್ ಬಳಸುವವರಿಗೆ ಅದು ಒದಗದಿದ್ದುದನ್ನು ಕಂಡು ಕೋವಿದ್ ಗೋಯಲ್ ಎಂಬವರು ಅದೇ ವರ್ಷದ ಅಕ್ಟೋಬರ್ 31ರಂದು, ಅಂದರೆ ನಮ್ಮ ರಾಜ್ಯಕ್ಕೆ 50 ತುಂಬುವ ಮುನ್ನಾದಿನ, ಒಂದು ತಂತ್ರಾಂಶವನ್ನು ಬರೆಯತೊಡಗಿದರು. 2008ರಲ್ಲಿ ಅದಕ್ಕೆ 'ಕ್ಯಾಲಿಬರ್' ಎಂದು ಹೆಸರಾಯಿತು. ಮೂರು ವ್ಯವಸ್ಥೆಗಳಲ್ಲಿಯೂ ನಡೆಯಬೇಕಾದ ಈ ಗ್ರಂಥಭಂಡಾರ, ಎಲ್ಲವೂ ಒಪ್ಪುವ ರೋಮನ್ ಲಿಪಿಯಲ್ಲಿಯೇ ತನ್ನ ಕಡತಗಳಿಗೆ ಹೆಸರಿಡುವ ಪದ್ಧತಿಯನ್ನು ಹಿಡಿಯಿತು. ಲೇಖಕರ ಹೆಸರಿನ ಒಂದು ಕೋಶ. ಅದರೊಳಗೆ ಗ್ರಂಥದ ಹೆಸರು ಮತ್ತು ಕ್ರಮಸಂಖ್ಯೆ ಇರುವ ಇನ್ನೊಂದು ಕೋಶ. ನಿಜವಾದ ಕನ್ನಡ ಹೆಸರು 'ಮೆಟಾಡೇಟಾ.ಡಿಬಿ' ಎಂಬ ಖಾತೆಪುಸ್ತಕದಲ್ಲಿ ಭದ್ರ. ಬ್ಯಾಂಕಿನ ಗುಮಾಸ್ತನಾದ ನನಗೆ ಈ ಏರ್ಪಾಡು ಪರಿಚಿತವೇ: ಹೊರಗೆ ಸಂಖ್ಯೆ, ಒಳಗೆ ಲೆಡ್ಜರಿನಲ್ಲಿ ಪೂರ್ಣ ವಿವರ.

ಅಪಾಯವಿರುವುದು ಲೆಡ್ಜರನ್ನು ಬಿಟ್ಟು ಕಡತವನ್ನಷ್ಟೇ ನಕಲು ಮಾಡಿ ಬಂಧುಗಳಿಗೆ ಕಳುಹಿಸುವಾಗ. ಆಗ ರೋಮನ್ ಹೆಸರೊಂದೇ ಹೊರಗೆ ಹೋಗುತ್ತದೆ. ಲಕಾರ-ಳಕಾರಗಳ, ನಕಾರ-ಣಕಾರಗಳ ಭೇದ ಅದರಲ್ಲಿ ಉಳಿಯುವುದು ದುರ್ಲಭ. ಆದುದರಿಂದ ಕ್ಯಾಲಿಬರಿನಲ್ಲಿಯೇ ಇರುವ 'ಡಿಸ್ಕಿಗೆ ಉಳಿಸು' ಎಂಬ ಆಜ್ಞೆಯನ್ನು ಬಳಸುವುದು ಲೇಸು; ರೋಮನ್ ಪರಿವರ್ತನೆಯನ್ನು ಕೈಬಿಡುವ ಆಯ್ಕೆಯೂ ಅಲ್ಲಿದೆ. ಊರಿನ ಹಳೆಯ ಗ್ರಂಥಗಳನ್ನು ಗಣಕಕ್ಕೆ ಸೇರಿಸುತ್ತಿರುವ ಕುಟುಂಬಗಳು ಈ ಒಂದು ಎಚ್ಚರವನ್ನು ವಹಿಸಿದರೆ, ಮುಂಬಯಿಯಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಅಜ್ಜನ ಪುಸ್ತಕದ ಹೆಸರು ಕನ್ನಡದಲ್ಲಿಯೇ ದೊರೆತೀತು.