ರೋಗವನ್ನು ಕೊರಗರಿಗೆ ಉಣಿಸಿದ ನಾಡು



ಮೊನ್ನೆ ನಮ್ಮ ಶಕ್ತಿನಗರದಲ್ಲಿ ಪರಿಚಯದ ಅಕ್ಕ ಒಬ್ಬರು ಕೈ ತೋರಿಸಿದರು. ಮೊಣಕೈ ಹತ್ತಿರ ಬಿಳಚಿದ ಮಚ್ಚೆ. ಚಿವುಟಿದರೂ ಗೊತ್ತಾಗುದಿಲ್ಲವಂತೆ. ಎಷ್ಟು ಸಮಯ ಆಯ್ತು ಅಂತ ಕೇಳಿದೆ. "ಎರಡು ವರ್ಷ. ಯಾರಿಗೆ ಹೇಳುದು ಮಾರಾಯಾ, ಮೊದಲೇ ನಮ್ಮನ್ನು ದೂರ ಇಡ್ತಾರೆ" ಅಂದರು. ಹೆಸರು ಹಾಕದೆ ಬರೆಯಲು ಒಪ್ಪಿದ್ದಾರೆ. ಆ ಹೆದರಿಕೆಗೆ ಒಂದು ಇತಿಹಾಸ ಇದೆ.

ಕುಷ್ಠಕ್ಕೆ ಕಾರಣ ಶಾಪವಲ್ಲ, ಪೂರ್ವಜನ್ಮದ ಪಾಪವಲ್ಲ, ಒಂದು ಬ್ಯಾಕ್ಟೀರಿಯಾ ಅಂತ 1873ರಲ್ಲೇ ನಾರ್ವೆಯ ವೈದ್ಯ ಹ್ಯಾನ್ಸನ್ ತೋರಿಸಿದರು. 1880ರಲ್ಲಿ ಇಲ್ಲೇ ಕಂಕನಾಡಿಯಲ್ಲಿ ಔಷಧ ಕೊಡಲು ಶುರುಮಾಡಿದ ಜರ್ಮನಿಯ ಪಾದ್ರಿ ಫಾದರ್ ಮುಲ್ಲರ್, 1890ರಲ್ಲಿ ಕುಷ್ಠರೋಗಿಗಳಿಗೆ ಆಸರೆ ಕಟ್ಟಿದರು. ಬ್ರಿಟಿಷ್ ಸರ್ಕಾರ ಮಾಡಿದ್ದೇನು? 1898ರ ಕಾಯ್ದೆ ತಂದು ಭಿಕ್ಷೆ ಬೇಡುವ ಬಡ ರೋಗಿಗಳನ್ನು ಹಿಡಿದು ಕೂಡಿಹಾಕಿತು. ಉಳ್ಳವರ ಮನೆಯ ರೋಗಿಗೆ ಆ ಭಯ ಇರಲಿಲ್ಲ. ಆ ಕಾಯ್ದೆ ರದ್ದಾದದ್ದು 2016ರಲ್ಲಿ!

ಇದೇ ತುಳುನಾಡಿನಲ್ಲಿ ಇನ್ನೊಂದು "ಚಿಕಿತ್ಸೆ" ಇತ್ತು. ಅಜಲು. ಮೇಲ್ಜಾತಿಯವರ ಕೂದಲು, ಉಗುರನ್ನು ಅನ್ನದಲ್ಲಿ ಬೆರೆಸಿ ಕೊರಗರಿಗೆ ತಿನ್ನಿಸುವುದು. ತಮ್ಮ ರೋಗ, ಅನಿಷ್ಟ ಎಲ್ಲ ಕೊರಗರ ಮೈಗೆ ದಾಟಿಹೋಗುತ್ತದೆ ಎಂಬ ನಂಬಿಕೆ. ಇದನ್ನು ನಿಷೇಧಿಸಲು ಕರ್ನಾಟಕ ಸರ್ಕಾರ 2000ದಲ್ಲಿ ಪ್ರತ್ಯೇಕ ಕಾನೂನನ್ನೇ ತರಬೇಕಾಯಿತು. ನಮ್ಮನ್ನು ಮುಟ್ಟಿದರೆ ಮೈಲಿಗೆ, ಆದರೆ ಅವರ ರೋಗ ಹೊರಲು ನಮ್ಮ ಮೈ ಬೇಕು. ಎಂತ ನ್ಯಾಯ ಇದು?

ವಿಜ್ಞಾನ ಹೇಳುವುದೇ ಬೇರೆ. ಕುಷ್ಠದ ಕ್ರಿಮಿಗೆ ಜಾತಿ ಗೊತ್ತಿಲ್ಲ. ನೂರಕ್ಕೆ ಸುಮಾರು 95 ಜನರ ದೇಹ ಅದನ್ನು ತಾನಾಗಿಯೇ ತಡೆಯುತ್ತದೆ. ಪ್ರತಿರೋಧ ಗಟ್ಟಿ ಇದ್ದ ದೇಹದಲ್ಲಿ ರೋಗ ಬಂದರೂ ಕೆಲವೇ ಮಚ್ಚೆಗಳಿಗೆ ನಿಲ್ಲುತ್ತದೆ. ಪ್ರತಿರೋಧ ಇಲ್ಲದ ದೇಹದಲ್ಲಿ ಕ್ರಿಮಿ ಸುಮಾರು ಎರಡು ವಾರಕ್ಕೊಮ್ಮೆ ಇಮ್ಮಡಿಯಾಗುತ್ತ ಮೈಯೆಲ್ಲ ಹರಡುತ್ತದೆ. ಅದು ಅಡಗುವುದು ನರದೊಳಗೆ. ಅದನ್ನು ಹೊಡೆಯಲು ಹೋದ ನಮ್ಮ ದೇಹದ ಕಾವಲು ಪಡೆಯೇ ನರವನ್ನೂ ಹಾಳು ಮಾಡುತ್ತದೆ. ಅದಕ್ಕೇ ಆ ಜಾಗ ಮರಗಟ್ಟುವುದು. ನೋವು ಗೊತ್ತಾಗದೆ ಗಾಯವಾಗಿ, ಕೊನೆಗೆ ಬೆರಳೂ ಹೋಗುವುದು.

ಕೈ ಕುಲುಕಿದರೆ, ಒಟ್ಟಿಗೆ ಉಂಡರೆ ಇದು ಬರುವುದಿಲ್ಲ. ಚಿಕಿತ್ಸೆ ಪಡೆಯದ ರೋಗಿಯ ಜೊತೆ ತಿಂಗಳುಗಟ್ಟಲೆ ಹತ್ತಿರ ಇದ್ದರೆ ಉಸಿರಿನ ಹನಿಗಳಿಂದ ಹರಡುತ್ತದೆ. ಇಕ್ಕಟ್ಟಿನ ಮನೆ, ಅರೆಹೊಟ್ಟೆ ಇದ್ದಲ್ಲಿ ಅಪಾಯ ಜಾಸ್ತಿ. ಆ ಇಕ್ಕಟ್ಟು, ಆ ಹಸಿವು ನಮಗೆ ಯಾರು ಕೊಟ್ಟದ್ದು ಅಂತ ಬಿಡಿಸಿ ಹೇಳಬೇಕಾ? ಕ್ರಿಮಿ ಜಾತಿ ನೋಡುದಿಲ್ಲ, ಆದರೆ ಅದಕ್ಕೆ ದಾರಿ ಮಾಡಿಕೊಟ್ಟದ್ದು ಜಾತಿ.

ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಶಿಫಾರಸು ಮಾಡಿದ ಬಹುಔಷಧ ಚಿಕಿತ್ಸೆ ಇವತ್ತು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. 6 ತಿಂಗಳು ಅಥವಾ 12 ತಿಂಗಳು, ಅಷ್ಟೇ. ಬೇಗ ಹೋದರೆ ಕೈಕಾಲು ಉಳಿಯುತ್ತದೆ. ಸ್ಪರ್ಶವಿಲ್ಲದ ಮಚ್ಚೆ ಕಂಡರೆ ಅಡಗಿಸಬೇಡಿ. ತೋರಿಸಿದವರನ್ನು ದೂರ ಇಡಬೇಡಿ.

ಅಕ್ಕ ಮಾತ್ರೆ ಶುರು ಮಾಡಿದ್ದಾರೆ. ನಿನ್ನೆ ಅವರ ಮನೆಯಲ್ಲಿ ಊಟ ಮಾಡಿ ಬಂದೆ.

ಜೈ ಭೀಮ್.