ಇಲಿ ಬಿದ್ದ ಊರಿನ ಲೆಕ್ಕ

"ಇಲಿ ಬಿತ್ತು" ಎಂಬ ಎರಡು ಮಾತು ಕಿವಿಗೆ ಬಿದ್ದರೆ ಸಾಕು, ನಮ್ಮ ಹಿರಿಯರು ಮನೆಗೆ ಬೀಗ ಹಾಕಿ ಹೊಲದ ಗುಡಿಸಲು ಸೇರುತ್ತಿದ್ದರು. ಪ್ಲೇಗಿನ ಭಯ ಅಂಥದು. 1898ರಲ್ಲಿ ಆ ಮಾರಿ ಬೆಂಗಳೂರನ್ನು ಹೊಕ್ಕಿತು. ಅದೇ ವರ್ಷ ಮುಂಬಯಿ ಪ್ರಾಂತದ ಹುಬ್ಬಳ್ಳಿಯಲ್ಲಿ ಲ್ಯೂಮನ್ ಎಂಬ ವೈದ್ಯಾಧಿಕಾರಿ ಊರಿನ ಬಹುಪಾಲು ಜನಕ್ಕೆ ಸೂಜಿಮದ್ದು ಹಾಕಿದರು. ಮದ್ದನ್ನು ಸಿದ್ಧಪಡಿಸಿದ ಹಾಫ್‌ಕಿನ್, 1897ರ ಜನವರಿಯಲ್ಲಿ ಅದನ್ನು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡಿದ್ದರು.

"ಸೂಜಿ ಹಾಕಿಸಿಕೊಂಡವರಿಗೂ ಪ್ಲೇಗು ಬಂತಲ್ಲ! ಹಾಗಾದರೆ ಮದ್ದಿನಿಂದ ಫಲವೇನು?" ಇಂಥ ಪ್ರಶ್ನೆ ಏಳುವುದು ಸಹಜ. ಉತ್ತರ ಗಣಿತದಲ್ಲಿದೆ.

ನಮ್ಮ ಬೈರಮಂಗಲದಂಥ ಒಂದು ಊರನ್ನು ಊಹಿಸಿಕೊಳ್ಳೋಣ. ಜನ 1000. ಸೂಜಿ ಹಾಕಿಸಿಕೊಂಡವರು 900, ಹಾಕಿಸಿಕೊಳ್ಳದವರು 100. ಮೊದಲ ಗುಂಪಿನಲ್ಲಿ 18 ಮಂದಿ, ಎರಡನೆಯದರಲ್ಲಿ 10 ಮಂದಿ ಕಾಯಿಲೆ ಬಿದ್ದರೆನ್ನಿ. ಹಾಸಿಗೆ ಹಿಡಿದ 28 ಮಂದಿಯಲ್ಲಿ 18, ಎಂದರೆ ನೂರಕ್ಕೆ 64, ಸೂಜಿ ಹಾಕಿಸಿಕೊಂಡವರೇ! ಜಗಲಿಯ ಮೇಲೆ ಕುಳಿತವರು ಈ ಲೆಕ್ಕವನ್ನೇ ಹಿಡಿದು ಮದ್ದನ್ನು ಹಳಿಯುತ್ತಾರೆ. ಆದರೆ ಕೇಳಬೇಕಾದದ್ದು ಬೇರೆ: ಸೂಜಿ ಹಾಕಿಸಿಕೊಂಡವರಲ್ಲಿ ಎಷ್ಟು ಮಂದಿಗೆ ರೋಗ ಬಂತು? 900ಕ್ಕೆ 18, ನೂರಕ್ಕೆ 2. ಹಾಕಿಸಿಕೊಳ್ಳದವರಲ್ಲಿ? ನೂರಕ್ಕೆ 10. ಮದ್ದು ಅಪಾಯವನ್ನು ಐದರಲ್ಲಿ ಒಂದು ಪಾಲಿಗೆ ಇಳಿಸಿದಂತಾಯಿತು.

ಇದೇ ಷರತ್ತುಬದ್ಧ ಸಂಭವನೀಯತೆ. ಷರತ್ತಿಗೆ ಒಳಪಟ್ಟವರನ್ನು ಮಾತ್ರ ಬೇರ್ಪಡಿಸಿ, ಅವರಲ್ಲಿ ಎಷ್ಟು ಮಂದಿಗೆ ರೋಗ ಬಂತೆಂದು ಭಾಗಿಸಬೇಕು. ಷರತ್ತು ಬದಲಾದರೆ ಛೇದ ಬದಲಾಗುತ್ತದೆ. ಛೇದ ಬದಲಾದರೆ ಉತ್ತರವೂ ಬೇರೆ. ಒಂದು ಕಡೆಯ ಲೆಕ್ಕದಿಂದ ತಿರುವಿ ಇನ್ನೊಂದು ಕಡೆಗೆ ಹೋಗುವ ದಾರಿಯನ್ನು ತೋರಿದವರು ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್. ಅವರು 1761ರಲ್ಲಿ ತೀರಿಕೊಂಡ ಮೇಲೆ, 1763ರಲ್ಲಿ, ಗೆಳೆಯ ರಿಚರ್ಡ್ ಪ್ರೈಸ್ ಆ ಬರಹವನ್ನು ಬೆಳಕಿಗೆ ತಂದರು.

ಲೆಕ್ಕಕ್ಕೂ ಒಂದು ಎಚ್ಚರಿಕೆ ಬೇಕು. ಎರಡು ಗುಂಪಿನವರ ಮನೆ, ಬಡತನ, ವಯಸ್ಸು ಬೇರೆಬೇರೆಯಾಗಿದ್ದರೆ ಕೀರ್ತಿಯನ್ನೆಲ್ಲ ಮದ್ದಿಗೇ ಕಟ್ಟುವಂತಿಲ್ಲ. ಗ್ರೀನ್‌ವುಡ್ ಮತ್ತು ಯೂಲ್ 1915ರಲ್ಲಿ ಇಂಥ ಚುಚ್ಚುಮದ್ದಿನ ಅಂಕಿಗಳನ್ನು ಪರೀಕ್ಷಿಸುವಾಗ ಈ ಮಾತನ್ನು ಒತ್ತಿ ಹೇಳಿದರು.

ಪ್ಲೇಗಿನ ಗುಡಿಸಲುಗಳು ಇಂದಿಲ್ಲ. ಜಗಲಿಯ ಲೆಕ್ಕ ಮಾತ್ರ ಉಳಿದಿದೆ. ಮುಂದೆ ಯಾರಾದರೂ "ನೂರಕ್ಕೆ ಇಷ್ಟು" ಎಂದರೆ, "ಯಾವ ನೂರರಲ್ಲಿ ಸ್ವಾಮಿ?" ಎಂದು ಕೇಳಿ ನೋಡಿ.