ಪಾಯದಲ್ಲಿ ಸಿಕ್ಕ ಕುಡಿಕೆ

ಹೋದ ಡಿಸೆಂಬರ್ ರಜೆಗೆ ನನ್ನ ತಂಗಿಯ ಮೊಮ್ಮಗ ಇಂಗ್ಲೆಂಡಿನಿಂದ ಬಂದಾಗ ಅವನ ಪೆಟ್ಟಿಗೆಯಲ್ಲಿ ಚಾಕೊಲೇಟಿನ ಜೊತೆಗೆ ಮಡಿಸಿಟ್ಟ ಒಂದು ಕೋಲು, ಅದರ ತುದಿಗೆ ದೋಸೆ ಕಾವಲಿಯಷ್ಟಗಲದ ಒಂದು ತಟ್ಟೆ ಇದ್ದವು. ಮೆಟಲ್ ಡಿಟೆಕ್ಟರ್ ಅಂತೆ. ನಮಗೆ ಗೊತ್ತಿರುವ ಮೆಟಲ್ ಡಿಟೆಕ್ಟರ್ ಎಂದರೆ ಮಾಲಿನ ಬಾಗಿಲಲ್ಲಿ ನಮ್ಮ ಕೈಚೀಲದ ಬೀಗದ ಕೈಗೆ ಬಡಿದುಕೊಳ್ಳುವುದು. ಈ ಹುಡುಗ ಅದನ್ನು ಹಿಡಿದು ಅಪ್ಪನ ಜೊತೆ ಸಮುದ್ರ ತೀರದಲ್ಲಿ ನಡೆಯುತ್ತಾನೆ. ಬಿರುಗಾಳಿ ಬಂದು ಮರಳು ತಿರುವಿಹಾಕಿದ ಮರುದಿನ ಹೋದರೆ ಹಳೆಯ ನಾಣ್ಯವೋ ಯಾರದೋ ಉಂಗುರವೋ ಸಿಗುವುದುಂಟಂತೆ.

ಇಲ್ಲಿ ಸಮುದ್ರವೆಲ್ಲಿಂದ ತರುವುದು? ಜಯನಗರದ ನಮ್ಮ ಬೀದಿಯ ಪಾರ್ಕಿಗೆ ಹೋದ. ಹತ್ತು ನಿಮಿಷಕ್ಕೆ ಮೂರು ಸೋಡಾ ಮುಚ್ಚಳ, ಒಂದು ಎರಡು ರೂಪಾಯಿ ನಾಣ್ಯ, ಜೊತೆಗೆ ಕಾವಲುಗಾರ. "ಅಮ್ಮಾ, ಇಲ್ಲೆಲ್ಲ ಅಗೀಬಾರ್ದು. ನಿಧಿ ಹುಡುಕ್ತಾ ಇದಾರೆ ಅಂತ ಯಾರಾದ್ರೂ ಪೊಲೀಸ್ರಿಗೆ ಹೇಳಿದ್ರೆ ನನ್ನ ಕೆಲ್ಸ ಹೋಗುತ್ತೆ" ಎಂದು ಹುಡುಗನನ್ನು ಮನೆಯ ತನಕ ತಂದು ಬಿಟ್ಟ. ಅವನದೇನೂ ತಪ್ಪಿಲ್ಲ. ನಿಧಿ ಎಂಬ ಎರಡಕ್ಷರಕ್ಕೆ ನಮ್ಮ ನಾಡಿನಲ್ಲಿ ಎಷ್ಟು ನಂದಿಗಳ ಬುಡ ಅಗೆದಿದ್ದಾರೆ, ಎಷ್ಟು ವೀರಗಲ್ಲು ಉರುಳಿಸಿದ್ದಾರೆ! ಅಮಾವಾಸ್ಯೆ ರಾತ್ರಿ, ನಿಂಬೆಹಣ್ಣು, ಕುಂಕುಮ, ಬೆಳಗಾಗುವಾಗ ಪಾಳುಗುಡಿಯಲ್ಲೊಂದು ಗುಂಡಿ. ಪತ್ರಿಕೆಯಲ್ಲಿ ಓದಿಯೇ ಇರುತ್ತೀರಿ.

ಹುಡುಗ ಮುಖ ಊದಿಸಿ ಕುಳಿತ. ಹಾಗಂತ ಅವರ ದೇಶದಲ್ಲೂ ಮನಬಂದಂತೆ ಅಗೆಯುವಂತಿಲ್ಲ. ಅಲೆ ಏರಿಳಿಯುವ ಮರಳಿನ ಸುಮಾರು ಅರ್ಧ ಭಾಗ ರಾಜಮನೆತನದ ಹೆಸರಿನ ಆಸ್ತಿ. ಹೊಲವಾದರೆ ಒಡೆಯನ ಒಪ್ಪಿಗೆ ಬೇಕು. ನಿಧಿ ಅನ್ನಿಸಿದರೆ 1996ರ ಕಾಯ್ದೆಯಂತೆ ತಿಳಿಸಬೇಕು. 2009ರಲ್ಲಿ ಸ್ಟಾಫರ್ಡ್‌ಷೈರಿನ ಒಂದು ಹೊಲದಲ್ಲಿ ಇಂಥ ಕೋಲು ಹಿಡಿದವನೊಬ್ಬನಿಗೆ ಸಾವಿರದ ಮುನ್ನೂರು ವರ್ಷ ಹಳೆಯ ಬಂಗಾರದ ರಾಶಿಯೇ ಸಿಕ್ಕಿತು. ಬೆಲೆ ಮೂವತ್ತೆರಡು ಲಕ್ಷ ಪೌಂಡಿಗೂ ಮೇಲೆ. ಹುಡುಕಿದವನಿಗೆ ಅರ್ಧ, ಹೊಲದವನಿಗೆ ಅರ್ಧ, ಒಡವೆ ಮ್ಯೂಸಿಯಮ್ಮಿಗೆ. "ಇಲ್ಲಿ ಏನೂ ಸಿಗಲ್ಲ ಅಲ್ವಾ ಅಜ್ಜಿ?" ಎಂದ.

ಸಿಗದೆ ಏನು! 1891ರಲ್ಲಿ ನಮ್ಮ ಯಶವಂತಪುರದಲ್ಲೇ ರೈಲಿನ ಕೆಲಸಕ್ಕೆ ನೆಲ ಅಗೆಯುವಾಗ 163 ಬೆಳ್ಳಿ ನಾಣ್ಯ ಸಿಕ್ಕವು. ರೋಮಿನ ಚಕ್ರವರ್ತಿಗಳಾದ ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್‌ ಇವರ ಕಾಲದವು, ಎಂದರೆ ಎರಡು ಸಾವಿರ ವರ್ಷದ ಹಿಂದಿನವು. 1965ರಲ್ಲಿ ಎಚ್‌ಎಎಲ್ ಹತ್ತಿರ ಮತ್ತೆ 256. ರೋಮಿನ ಅಡುಗೆಮನೆಗೆ ನಮ್ಮ ಕಡೆಯ ಮೆಣಸು ಬೇಕಿತ್ತು, ಹೆಂಗಸರಿಗೆ ನಮ್ಮ ನಯವಾದ ಅರಿವೆ, ಮುತ್ತು ಬೇಕಿತ್ತು. ವರ್ಷ ವರ್ಷ ಇಷ್ಟು ಹಣ ಇಂಡಿಯಾಕ್ಕೆ ಹರಿದುಹೋಗುತ್ತಿದೆಯಲ್ಲ ಎಂದು ಪ್ಲಿನಿ ಎಂಬ ಪಂಡಿತ ಗೊಣಗಿಟ್ಟಿದ್ದಾನೆ. ಹೆಂಗಸರ ಖರ್ಚಿನ ಬಗ್ಗೆ ಗೊಣಗುವುದು ಅಷ್ಟು ಹಳೆಯದು!

ನಮ್ಮ ದಕ್ಷಿಣ ಬೆಂಗಳೂರನ್ನೇನೂ ಬರಿಯ ಬಡಾವಣೆ ಎನ್ನುವಂತಿಲ್ಲ. ಬಿಟಿಎಂ ಎಂದು ಬಸ್ಸಿನ ಬೋರ್ಡು ಓದುತ್ತೇವಲ್ಲ, ಅದು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳೆಯ ಊರುಗಳ ಮೊದಲ ಅಕ್ಷರ. ಅಲ್ಲಿಂದ ಕೆಲವೇ ಮೈಲಿ ದೂರದ ಬೇಗೂರಿನ ನಾಗೇಶ್ವರ ಗುಡಿಯಲ್ಲಿರುವ ಸುಮಾರು ಕ್ರಿ.ಶ. 890ರ ವೀರಗಲ್ಲಿನ ಮೇಲೆ ಬೆಂಗಳೂರು ಎಂಬ ಹೆಸರೇ ಇದೆ.

ಇದನ್ನೆಲ್ಲ ಹುಡುಗನಿಗೆ ಹೇಳುತ್ತ ಹೇಳುತ್ತ ನನ್ನ ಬಾಯಿ ಕಟ್ಟಿತು. ಹೇಳದೆ ಬಿಟ್ಟದ್ದೊಂದಿತ್ತು.

1981ರಲ್ಲಿ ಬನಶಂಕರಿಯಲ್ಲಿ ನಮ್ಮ ಮನೆಗೆ ಪಾಯ ತೆಗೆಸುತ್ತಿದ್ದೆವು. ಮಣ್ಣು ಹೊರುವ ಹೆಂಗಸಿನ ಗುದ್ದಲಿಗೆ ಒಂದು ಕುಡಿಕೆ ಸಿಕ್ಕಿ ಒಡೆಯಿತು. ಒಳಗೆ ಮಸಿಯಂತೆ ಕಪ್ಪಾದ ಬಿಲ್ಲೆಗಳು, ಎರಡು ಬೊಗಸೆ. ಅವಳೇ ಸೆರಗಿನಲ್ಲಿ ತಂದು ಮಾವನವರ ಮುಂದೆ ಸುರಿದಳು. ಆಸೆಪಟ್ಟು ಬಚ್ಚಿಡಬಹುದಿತ್ತು, ಇಡಲಿಲ್ಲ. ಮಾವನವರು ಅವಳಿಗೊಂದು ಸೀರೆ, ಐವತ್ತು ರೂಪಾಯಿ ಕೊಟ್ಟರು. ಎಲ್ಲರಿಗೂ ಅದು ಬಹಳ ಧಾರಾಳವೆನಿಸಿತು, ನನಗೂ. ಬಿಲ್ಲೆಗಳನ್ನು ಮನೆಯ ಅಕ್ಕಸಾಲಿಗನ ಮೂಸೆಗೆ ಹಾಕಿ ಒಂದು ಜೊತೆ ದೀಪದ ಕಂಬ ಮಾಡಿಸಿದರು. ಭೂಮಿತಾಯಿ ಕೊಟ್ಟದ್ದು, ದೇವರಿಗೇ ಸಲ್ಲಲಿ ಎಂದು ಅತ್ತೆಯವರ ಮಾತು.

ಕಾನೂನು ಗೊತ್ತಿರಲಿಲ್ಲವೆ? ಮಾವನವರು ಸರ್ಕಾರಿ ಕಚೇರಿಯಲ್ಲೇ ಗುಮಾಸ್ತರಾಗಿದ್ದವರು. ನಾನು ಓದಿದ್ದೂ ಇತಿಹಾಸವನ್ನೇ. ನೆಲದಲ್ಲಿ ಸಿಕ್ಕಿದ್ದರ ಬೆಲೆ ಹತ್ತು ರೂಪಾಯಿಗೆ ಮೀರಿದರೆ ಏನು ಸಿಕ್ಕಿತು, ಎಷ್ಟು, ಎಲ್ಲಿ, ಯಾವ ದಿನ ಎಂದು ಕಲೆಕ್ಟರಿಗೆ ಬರೆದು ತಿಳಿಸಬೇಕೆಂದು ಬ್ರಿಟಿಷರು 1878ರಲ್ಲೇ ನಿಧಿ ಕಾಯ್ದೆ ಮಾಡಿದ್ದರು. ನಮ್ಮ ರಾಜ್ಯವೂ 1962ರಲ್ಲಿ ತನ್ನದೇ ಕಾಯ್ದೆ ತಂದಿತು. ಮುಚ್ಚಿಟ್ಟರೆ ಶಿಕ್ಷೆ. ಆದರೆ ನನ್ನನ್ನು ಈಗ ಚುಚ್ಚುವುದು ಶಿಕ್ಷೆಯ ಮಾತಲ್ಲ. ಹುದುಗಿಟ್ಟವರ ವಾರಸುದಾರರು ಯಾರೂ ಬಾರದಿದ್ದರೆ ಆ 1878ರ ಕಾಯ್ದೆಯಲ್ಲಿ ಸಿಕ್ಕವರಿಗೆ ಮುಕ್ಕಾಲು ಪಾಲು, ನೆಲದ ಒಡೆಯನಿಗೆ ಕಾಲು. ಆ ಲೆಕ್ಕ ಹಿಡಿದರೆ ನಮ್ಮ ಎರಡು ಕಂಬಗಳಲ್ಲಿ ಒಂದೂವರೆ ಅವಳದು. ಅವಳ ಊರು ಯಾವುದೆಂದೂ ನಾವು ಕೇಳಿರಲಿಲ್ಲ. ಮನೆ ಮುಗಿಯುವ ಮೊದಲೇ ಮೇಸ್ತ್ರಿ ಬೇರೆ ಕೆಲಸಕ್ಕೆ ಹೋದ, ಅವಳೂ ಅವನ ಗುಂಪಿನ ಜೊತೆ ಹೋದಳು.

ಇನ್ನು ಆ ಬಿಲ್ಲೆಗಳು. ಯಶವಂತಪುರದವನ್ನು ಯಾರೋ ಎಣಿಸಿ, ಮುಖ ನೋಡಿ, ಬರೆದಿಟ್ಟದ್ದರಿಂದ ರೋಮಿನ ಮಾತು ಇಂದು ಆಡುತ್ತಿದ್ದೇವೆ. ನಮ್ಮವನ್ನು ಒಬ್ಬರೂ ಉಜ್ಜಿ ನೋಡಲಿಲ್ಲ. ಯಾರೋ ಮುದುಕಿ ಮಗಳ ಮದುವೆಗೆಂದು ಹೂತಿಟ್ಟ ರಾಣಿ ಛಾಪಿನ ರೂಪಾಯಿಗಳೇ ಇರಬಹುದು. ಅದೇ ಹೆಚ್ಚು ಸಂಭವ. ಆದರೆ ಅತ್ತೆಯವರು ಕೊನೆಗಾಲದಲ್ಲಿ ಒಮ್ಮೆ, ಹತ್ತಿ ಬತ್ತಿ ಹೊಸೆಯುತ್ತ, "ಒಂದರ ಮೇಲೆ ಗಂಡಸಿನ ಮುಖ ಇತ್ತು ಕಣೆ, ಪೇಟ ಇರಲಿಲ್ಲ, ಮೂಗು ಉದ್ದ" ಎಂದಿದ್ದರು. ರಾಣಿಯಲ್ಲದೆ ಯಾವುದೋ ರಾಜನ ರೂಪಾಯಿಯೂ ಆಗಬಹುದು ಎಂದು ಸುಮ್ಮನಾಗಿದ್ದೆ. ಆಗಲೂ ಕಂಬಗಳು ಎದುರಿಗೇ ಉರಿಯುತ್ತಿದ್ದವು.

ಸಂಜೆ ಹುಡುಗ ಬೇಸರ ಕಳೆಯಲು ಮನೆಯೊಳಗೇ ಕೋಲು ಆಡಿಸುತ್ತ ಬಂದ. ದೇವರ ಗೂಡಿನ ಮುಂದೆ ಅದು ಜೋರಾಗಿ ಕೂಗಿತು. "ಸಿಲ್ವರ್, ಅಜ್ಜಿ! ಎಷ್ಟು ಹಳೇದು?" ಎಂದು ಕೇಳಿದ. ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ಕುಡಿಕೆಯ ಕಥೆಯನ್ನು ಮೊದಲಿನಿಂದ ಹೇಳಿದೆ. ಎಲ್ಲ ಕೇಳಿ ಅವನು, "ಆ ಆಂಟಿ ಹೆಸರೇನು?" ಎಂದ.